ಶುಕ್ರವಾರದ ನಾಲ್ಕು ಅಂಕಿ

ಮಾರ್ಚ್ ೩, ಸೋಮವಾರ

ಇವತ್ತು ಬಸ್ಸಿನಲ್ಲಿ ನನ್ನ ಹಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾದವು. ನನ್ನವೆಂದರೆ ನಾನು ಕಟ್ಟಿದವು. ಬಾಯಲ್ಲಿರುವವು ಭದ್ರವಾಗಿಯೇ ಇವೆ. ನಿದ್ದೆಯಲ್ಲಿ ಅವನ್ನು ಕಡಿದು ಕಡಿದು ಸವೆಸುತ್ತಿದ್ದೇನೆ ಎನ್ನುವುದು ಹೆಂಡತಿಯ ದೂರು. ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ, ಡಬ್ಬಿಯ ಮುಚ್ಚಳ ಹಾರಿತು, ಐದು ಸೆಟ್ ಹಲ್ಲು ಸೀಟುಗಳ ಅಡಿಗೆ ಉರುಳಿದವು. ಹೆಂಗಸೊಬ್ಬಳು ಕಿರುಚಿ ಸೀಟಿನ ಮೇಲೆ ಹತ್ತಿ ನಿಂತಳು. ಮೊಣಕಾಲೂರಿ ಹುಡುಕಿದೆ, ನಾಲ್ಕು ಸಿಕ್ಕವು. ಐದನೆಯದನ್ನು ಹಿಂದಿನ ಸೀಟಿನ ಮುದುಕರೊಬ್ಬರು ಅಂಗಿಯ ಚುಂಗಿಗೆ ಒರೆಸಿ ಬಾಯಿಗೆ ಹಾಕಿಕೊಂಡರು. ಎರಡು ಸಲ ಕಚ್ಚಿ ನೋಡಿ, "ಪರವಾಗಿಲ್ಲ, ಚೆನ್ನಾಗಿ ಕೂತಿದೆ" ಎಂದು ಹೇಳಿ ಮುಂದಿನ ನಿಲ್ದಾಣದಲ್ಲಿ ಇಳಿದೇಹೋದರು. ಹೊಗಳಿಕೆ ಕೇಳಿ ಅರೆಗಳಿಗೆ ಹಿಗ್ಗಿದ್ದು ನನ್ನ ತಪ್ಪು. ಅಷ್ಟರಲ್ಲಿ ಬಸ್ಸು ಹೊರಟಿತ್ತು.

ಹಲ್ಲಿನ ಕ್ಲಿನಿಕ್ಕಿನ ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ.

"ನಿಮ್ಮ ಕೈಕೆಲಸಕ್ಕೆ ಹೆಸರಿಡೋ ಹಾಗಿಲ್ಲ. ಆದ್ರೆ ಹಲ್ಲು ಬಸ್ಸಲ್ಲಿ ಬರೋದು ಇವತ್ತಿಗೇ ಕೊನೆ. ತಿಂಗಳ ಒಳಗೆ ಒಂದು ಗಾಡಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಅವರದೇ. ಅದು ಹೋದರೆ ಈ ವರ್ಕ್‌ಶಾಪಿಗೆ ಬೀಗ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಬಾಯಿ ತುಂಬಿಸಿದ್ದೇನೆ, ಇನ್ನು ನಮ್ಮದನ್ನು ತುಂಬಿಸುವವರು ಯಾರು ಎಂದು ಭಯವಾಗುತ್ತಿದೆ.

ಮಾರ್ಚ್ ೬, ಗುರುವಾರ

ಬ್ಯಾಂಕಿಗೆ ಹೋಗಿದ್ದೆ. ಸಾಲದ ವಿಭಾಗದ ಹುಡುಗಿ ಕಂಪ್ಯೂಟರಿನಲ್ಲಿ ನನ್ನ ಕ್ರೆಡಿಟ್ ಸ್ಕೋರ್ ನೋಡಿದಳು. ಆಮೇಲೆ ಪರದೆಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡು ನನಗೊಂದು ಲೋಟ ನೀರು ಕೊಟ್ಟಳು. "ಮನೆಯಿಂದ ಯಾರಾದ್ರೂ ಜೊತೆಗೆ ಬಂದಿದ್ದಾರಾ ಸಾರ್?" ಎಂದು ಕೇಳಿದಳು.

ಇದೆಲ್ಲ ಆಸಾಮಿಯ ಕೃಪೆ. ಆಸಾಮಿ ಎಂದರೆ ಹೆಂಡತಿಯ ತಮ್ಮ. ಅವನ ಹೆಸರು ಈ ಪುಸ್ತಕದಲ್ಲಿ ಬರೆಯುವುದಿಲ್ಲ, ಅವನೊಂದಿಗೆ ಮಾತಾಡುವುದಿಲ್ಲ, ಅವನ ಪರವಾಗಿ ಇನ್ನು ಎಲ್ಲಿಯೂ ಸಹಿ ಹಾಕುವುದಿಲ್ಲ ಎಂದು ಶಪಥ ಮಾಡಿ ಮೂರು ವರ್ಷವಾಯಿತು. ಮಸಾಜ್ ಕುರ್ಚಿಗಳನ್ನು ತರಿಸಿ, ಜನ ಕಾಯುವ ಕಡೆಯೆಲ್ಲ ಇಟ್ಟು, ನಾಣ್ಯ ಹಾಕಿದರೆ ಬೆನ್ನು ಒತ್ತುವ ವ್ಯಾಪಾರ ಮಾಡುತ್ತೇನೆ ಎಂದ. ಸಾಲ ನನ್ನ ಹೆಸರಲ್ಲಿ ಎತ್ತಿದ್ದಾಯಿತು. ಜನ ಕುರ್ಚಿಯಲ್ಲಿ ಕೂತರು, ಮಲಗಿದರು, ಗೊರಕೆ ಹೊಡೆದರು, ನಾಣ್ಯ ಮಾತ್ರ ಯಾರೂ ಹಾಕಲಿಲ್ಲ. ಆಸಾಮಿ ಕೈಯೆತ್ತಿದ. ಕಂತು ತಪ್ಪಿದ್ದೂ ನನ್ನ ಹೆಸರಲ್ಲಿ, ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದ್ದೂ ನಾನೇ. ಸಾಲ ಹೋಯಿತು, ಮಸಿ ಉಳಿಯಿತು.

ಇನ್ನೂ ಒಂದು ಕುರ್ಚಿ ಉಳಿದಿದೆ. ವರ್ಕ್‌ಶಾಪಿನ ಮೂಲೆಯಲ್ಲಿ ಹಳೆಯ ಹಾಸಿಗೆ ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಜೀವ ಹೋದರೂ ಅದರ ಮೇಲೆ ಕೂರುವುದಿಲ್ಲ.

ಮಾರ್ಚ್ ೧೧, ಮಂಗಳವಾರ

ಸೆಕೆಂಡ್ ಹ್ಯಾಂಡ್ ಕಾರು ಮಾರುವವನೊಬ್ಬ ಸಿಕ್ಕಿದ್ದಾನೆ. ಸಾಲವನ್ನೂ ಅವನೇ ಕೊಡುತ್ತಾನೆ. ಸ್ಕೋರ್ ಹೇಳಲು ನಾನು ತಡವರಿಸಿದಾಗ ಕೈ ಹಿಡಿದುಕೊಂಡ.

"ನಮ್ಮಲ್ಲಿ ಕೆಟ್ಟ ಸ್ಕೋರ್ ಅನ್ನೋ ಮಾತೇ ಇಲ್ಲ ಸಾರ್. ದಣಿದ ಸ್ಕೋರ್ ಅಂತೀವಿ."

ಕಾರು ಹಿಂದೆ ಡ್ರೈವಿಂಗ್ ಸ್ಕೂಲಿನದಂತೆ. ಬಣ್ಣ ಸಾಸಿವೆಯದು. ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕ್ ಇದೆ, ಕಲಿಸುವವನಿಗೆಂದು ಇಟ್ಟದ್ದು. ತೆಗೆಸಿಕೊಡು ಎಂದರೆ, "ಬೇರೆ ಕಾರಲ್ಲಿ ಒಂದೇ ಬ್ರೇಕು ಸಾರ್. ಇದ್ರಲ್ಲಿ ಒಂದರ ದುಡ್ಡಿಗೆ ಎರಡು. ಯಾಕೆ ಕಳ್ಕೋತೀರಿ?" ಎಂದ. ದಣಿದ ಸ್ಕೋರಿನವರಿಗೆ ಒಬ್ಬ ಜಾಮೀನುದಾರ ಬೇಕಂತೆ. ಅವನ ಸ್ಕೋರ್ ಮಾತ್ರ ಚುರುಕಾಗಿರಬೇಕು.

ಮಾರ್ಚ್ ೧೩, ಗುರುವಾರ

ಅಣ್ಣನಿಗೆ ಫೋನ್ ಮಾಡಿದೆ. "ಜಾಮೀನು" ಎಂಬ ಶಬ್ದ ಬರುವವರೆಗೆ ಲೈನ್ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿತ್ತು. ಬಾಲ್ಯದ ಗೆಳೆಯ ಸ್ನಾನಕ್ಕೆ ಹೋಗಿದ್ದಾನೆಂದು ಅವನ ಹೆಂಡತಿ ಹೇಳಿದಳು. ಬೆಳಿಗ್ಗೆಯೂ ಸ್ನಾನ, ಮಧ್ಯಾಹ್ನವೂ ಸ್ನಾನ, ಸಂಜೆಯೂ ಸ್ನಾನ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಸಂತೋಷದಿಂದ ಒಪ್ಪಿದರು. ನೋಡಿದರೆ ಅವರ ಸ್ಕೋರ್ ನನಗಿಂತ ದಣಿದಿತ್ತು. ನೀವಿಬ್ಬರೂ ಸೇರಿದರೆ ಕಾರನ್ನು ದೂರದಿಂದ ನೋಡುವುದಕ್ಕೂ ಬಿಡುವ ಹಾಗಿಲ್ಲ ಎಂದ ಕಾರಿನವನು.

ಆಗ ಹೆಂಡತಿ ತಮ್ಮನ ಸುದ್ದಿ ಎತ್ತಿದಳು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅವಳು ನಗಲಿಲ್ಲ. ತಮಾಷೆಗೆಂದೇ ಅವನ ವಿವರ ಕೊಟ್ಟೆ. ಕಾರಿನವನು ಮೊಬೈಲಿನಲ್ಲಿ ನೋಡಿ ಕುರ್ಚಿಯಿಂದ ಎದ್ದು ನಿಂತ.

"ಇಂಥ ಸ್ಕೋರ್ ನನ್ನ ಜೀವಮಾನದಲ್ಲೇ ನೋಡಿಲ್ಲ ಸಾರ್! ಯಾರು ಈ ಪುಣ್ಯಾತ್ಮರು?"

ವಿಷಯ ಇಷ್ಟೆ. ಕುರ್ಚಿ ಸಾಲ ನನ್ನ ಹೆಸರಿನದು, ಮುಳುಗಿದ್ದೂ ನನ್ನ ಹೆಸರೇ. ಅವನು ತನ್ನ ಹೆಸರಿನಲ್ಲಿ ಮಾಡಿದ ಒಂದೇ ಒಂದು ಸಾಲ ಮೊಬೈಲಿನದು. ಅದರ ಕಂತುಗಳನ್ನು ಒಂದೂ ತಪ್ಪದೆ ಕಟ್ಟಿದ್ದಾನೆ. ನನ್ನನ್ನು ಗುಂಡಿಗೆ ನೂಕಿದವನ ಕೈ ಹಾಲಿನಲ್ಲಿ ತೊಳೆದ ಹಾಗಿದೆ.

ಮಾರ್ಚ್ ೧೪, ಶುಕ್ರವಾರ

ಆಸಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನವನ ಅಂಗಡಿಗೆ ಬಂದಿದ್ದ. ಈಗ ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಕೆಲಸವಂತೆ, ಯಾವ ರೈಲು ಎಷ್ಟು ತಡ ಎಂದು ಹೇಳುವುದು. ತಕ್ಕ ಕೆಲಸವೇ. ನಾವಿಬ್ಬರೂ ಒಂದೇ ಮೇಜಿನ ಮುಂದೆ ಕೂತೆವು. ನಾನು ಕಾರಿನವನಿಗೆ ಹೇಳಿದ್ದನ್ನು ಕಾರಿನವನು ಅವನಿಗೆ ಹೇಳಿದ, ಅವನು ಕಾರಿನವನಿಗೆ ಹೇಳಿದ್ದು ನನಗೆ ಬಂತು.

"ಭಾವ ಸೊರಗಿದ್ದಾರೆ ಅಂತ ಹೇಳ್ತಿದ್ದಾರೆ ಸಾರ್."

"ನನಗೆ ಕಿವಿ ಕೇಳುತ್ತೆ, ಅಂತ ಹೇಳಿ ಅವನಿಗೆ."

ಎಲ್ಲ ಸಹಿ ಮುಗಿದ ಮೇಲೆ ಕಾರಿನವನು ಸ್ಟೀರಿಂಗಿನ ಕೆಳಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯನ್ನು ತೋರಿಸಿದ. ಅಂಕಿಯ ಗುಂಡಿಗಳಿವೆ, ಕೆಂಪು ಹಸಿರು ದೀಪಗಳಿವೆ. ಪ್ರತಿ ಶುಕ್ರವಾರ ಬೆಳಿಗ್ಗೆ ಅದು ಕೂಗುತ್ತದೆ, ಕೆಂಪು ದೀಪ ಹತ್ತುತ್ತದೆ. ನಾಲ್ಕು ಅಂಕಿಯ ಕೋಡ್ ಒತ್ತಿದರೆ ಹಸಿರಾಗುತ್ತದೆ, ಒಂದು ವಾರ ಕಾರು ಓಡುತ್ತದೆ. ಒತ್ತದೆ ಕೀಲಿ ತಿರುಗಿಸಿದರೆ ಎಂಜಿನ್ ಶಾಶ್ವತವಾಗಿ ಲಾಕ್.

"ಕೋಡ್ ನನ್ನ ಮೊಬೈಲಿಗೆ ಬರುತ್ತಾ?"

"ಇಲ್ಲ ಸಾರ್, ಜಾಮೀನುದಾರರ ಮೊಬೈಲಿಗೆ. ನೀವು ಅವರನ್ನ ಕೇಳಿ ತಗೋಬೇಕು. ನೀವು ಓಡಿಹೋಗಿಲ್ಲ ಅಂತ ಅವರಿಗೆ ವಾರಕ್ಕೊಂದ್ಸಲ ಗೊತ್ತಾಗ್ಲಿ ಅಂತ. ನಮ್ಮ ಕಂಪನಿ ಪದ್ಧತಿ."

ಆಸಾಮಿ ಮೇಜಿನ ಮೇಲಿನ ಪೆನ್ ಸ್ಟ್ಯಾಂಡನ್ನೇ ನೋಡುತ್ತಿದ್ದ.

ಮಾರ್ಚ್ ೨೧, ಶುಕ್ರವಾರ

ಮೊದಲ ಕೋಡ್. ಹೆಂಡತಿ ಫೋನ್ ಮಾಡಿದಳು, ಅವನು ಹೇಳಿದ, ಅವಳು ಕಿಟಕಿಯಿಂದ ಕೂಗಿದಳು, ನಾನು ಒತ್ತಿದೆ. ಹಸಿರು. ಶಪಥಕ್ಕೆ ಭಂಗವಿಲ್ಲ.

ಹಲ್ಲುಗಳು ಕಾರಿನಲ್ಲಿ ಮೊದಲ ಸಲ ಹೋದವು. ಡಾಕ್ಟರಮ್ಮ ಹೊರಗೆ ಬಂದು ಕಾರನ್ನು ಒಂದು ಸುತ್ತು ನೋಡಿ, "ಗಟ್ಟಿಯಾಗಿದೆ" ಎಂದರು. ಕೆಲಸ ಉಳಿಯಿತು. ವಾಪಸು ಬರುವಾಗ ಹೆಂಡತಿ ಪಕ್ಕದಲ್ಲಿದ್ದಳು. ಏಳು ಸಲ ಬ್ರೇಕ್ ಹಾಕಿದಳು, ಅದರಲ್ಲಿ ಒಂದು ಸಲ ಬಟ್ಟೆ ಅಂಗಡಿ ನೋಡುವುದಕ್ಕೆ.

ಮಾರ್ಚ್ ೨೮, ಶುಕ್ರವಾರ

ಹೆಂಡತಿ ಬೇಕೆಂದೇ ಫೋನನ್ನು ಮನೆಯಲ್ಲಿ ಬಿಟ್ಟು ತರಕಾರಿಗೆ ಹೋದಳು. ಪೆಟ್ಟಿಗೆ ಕೆಳಗೆ ರಚ್ಚೆ ಹಿಡಿದ ಮಗುವಿನ ಹಾಗೆ ಕೂಗುತ್ತಿತ್ತು. ಬೇರೆ ದಾರಿಯಿರಲಿಲ್ಲ.

"ಕೋಡ್" ಎಂದೆ.

"ಮೂರು, ಸೊನ್ನೆ, ಆರು, ಎರಡು" ಎಂದ. ಮೈಕಿನ ದನಿ.

ಇಟ್ಟೆ. ಒಂದು ಶಬ್ದವನ್ನು ಮಾತು ಎನ್ನಲಾಗದು.

ಏಪ್ರಿಲ್ ೪, ಶುಕ್ರವಾರ

"ಕೋಡ್" ಎಂದೆ. ಹೇಳಿದ. ಆಮೇಲೆ "ಊಟ ಆಯ್ತಾ ಭಾವ?" ಎಂದ. ಬೆಳಿಗ್ಗೆ ಎಂಟಕ್ಕೆ ಯಾವನಾದರೂ ಊಟ ಮಾಡುತ್ತಾನೆಯೇ? ಅದನ್ನೇ ಕೇಳಿದೆ. ಬೈಗುಳವನ್ನೂ ಮಾತು ಎನ್ನಲಾಗದು.

ಏಪ್ರಿಲ್ ೧೮, ಶುಕ್ರವಾರ

ಬೆನ್ನುನೋವು. ನೆಲದಲ್ಲಿ ಕೂರಲಾಗದೆ, ಬೇರೆ ಕುರ್ಚಿಗಳ ಮೇಲೆಲ್ಲ ಅಚ್ಚುಗಳು ಒಣಗುತ್ತಿದ್ದುದರಿಂದ, ಮಸಾಜ್ ಕುರ್ಚಿಯ ಅಂಚಿನಲ್ಲಿ ಕೂತು ಫೋನ್ ಮಾಡಿದೆ. ಹೊದಿಕೆ ತೆಗೆದಿಲ್ಲ, ಹಾಗಾಗಿ ಕೂತಿದ್ದು ಹೊದಿಕೆಯ ಮೇಲೆ. ಸ್ಟೇಷನ್ನಿನಲ್ಲಿ ರೈಲು ಸರಿಯಾದ ಹೊತ್ತಿಗೆ ಬಂದರೆ ಅವನಿಗೆ ಹೇಳಲು ಏನೂ ಇರುವುದಿಲ್ಲವಂತೆ, ಮೇಲಿನವರು ಅನುಮಾನದಿಂದ ನೋಡುತ್ತಾರಂತೆ. ಇಂಥದ್ದೇ ಏನೇನೋ ಹೇಳಿದ. ಬ್ಯಾಲೆನ್ಸ್ ಖರ್ಚಾಗಿದ್ದು ನನ್ನದು.

ಏಪ್ರಿಲ್ ೨೫, ಶುಕ್ರವಾರ

ಇವತ್ತಿನದನ್ನು ಬರೆಯುತ್ತಿರುವುದು ಅರ್ಧ ಸಿಟ್ಟಿನಲ್ಲಿ, ಅರ್ಧ ನಗುವಿನಲ್ಲಿ.

ಸಂಜೆ ನಿವೃತ್ತ ನ್ಯಾಯಾಧೀಶರೊಬ್ಬರ ಭಾಷಣ. ಅವರ ಹಲ್ಲು ನನ್ನ ಕಾರಿನ ಡಿಕ್ಕಿಯಲ್ಲಿ. ಕಾರಿನ ದೀಪ ಕೆಂಪು. ಆಸಾಮಿಯ ಫೋನ್ ಆಫ್. ಡಾಕ್ಟರಮ್ಮ ಎರಡು ಸಲ ಕರೆ ಮಾಡಿದರು, ಎರಡನೆಯ ಸಲ "ಇದೇನಾ ನಿಮ್ಮ ಗಾಡಿ?" ಎಂದು ಮಾತ್ರ ಕೇಳಿ ಇಟ್ಟರು. ಕೆಲಸ ಹೋಯಿತೆಂದೇ ಅಂದುಕೊಂಡೆ. ಸ್ಟೇಷನ್ನಿಗೆ ಓಡಿದೆ. ಮೈಕಿನ ಕೋಣೆಯೊಳಗೆ ಮೊಬೈಲ್ ತರಬಾರದೆಂದು ಹೊಸ ಕಟ್ಟಳೆಯಂತೆ, ಬಾಗಿಲಿಗೆ ಒಳಗಿನಿಂದ ಅಗುಳಿ. ಗಾಜಿನ ಆಚೆ ಅವನು, ಈಚೆ ನಾನು. ಬಾಯಿ ಅಗಲಿಸಿ ಕೂಗಿದೆ, ಕೇಳಿಸಲಿಲ್ಲ. ನಾಲ್ಕು ಬೆರಳು ತೋರಿಸಿ, ಸ್ಟೀರಿಂಗ್ ತಿರುಗಿಸುವ ಅಭಿನಯ ಮಾಡಿ, ಹಲ್ಲು ಕಿರಿದು ತೋರಿಸಿದೆ. ಅವನಿಗೆ ತಟ್ಟನೆ ಹೊಳೆಯಿತು. ಕೋಡ್ ಬೆಳಿಗ್ಗೆಯೇ ನೋಡಿ ಬಾಯಿಪಾಠ ಮಾಡಿಕೊಂಡಿದ್ದನಂತೆ. ಎದ್ದು ಬಂದು ಬಾಗಿಲು ತೆಗೆಯಬಹುದಿತ್ತು. ತೆಗೆಯಲಿಲ್ಲ. ಅಭ್ಯಾಸ ಬಲದಿಂದ ಮೈಕ್ ಹತ್ತಿರ ಎಳೆದುಕೊಂಡ.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ನಾಲ್ಕು, ಸೊನ್ನೆ, ಒಂಬತ್ತು, ಒಂಬತ್ತು."

ಇಡೀ ಸ್ಟೇಷನ್ ತಲೆಯೆತ್ತಿತು. ಯಾವ ರೈಲು, ಎಲ್ಲಿಗೆ, ಯಾವ ಪ್ಲಾಟ್‌ಫಾರ್ಮ್ ಎಂದು ಜನ ವಿಚಾರಣೆ ಕಿಟಕಿಗೆ ಮುತ್ತಿದರು. ಒಂದು ಸಂಸಾರ ಹಾಸಿಗೆ ಸಮೇತ ಮೂರನೆಯ ಪ್ಲಾಟ್‌ಫಾರ್ಮಿಗೆ ಓಡಿತು. ಅವರ ಹಿಂದೆ ಇನ್ನೊಂದಿಷ್ಟು ಜನ ಓಡಿದರು. ಆ ರೈಲಿಗೆ ಟಿಕೆಟ್ ತನ್ನ ಹತ್ತಿರ ಇದೆಯೆಂದು ಒಬ್ಬ ಪ್ರಮಾಣ ಮಾಡುತ್ತಿದ್ದ. ನಾನು ತಿರುಗಿ ನೋಡದೆ ಬಂದೆ.

ಹಲ್ಲು ಹೊತ್ತಿಗೆ ಮುಟ್ಟಿತು, ಕೆಲಸವೂ ಉಳಿಯಿತು. ನ್ಯಾಯಾಧೀಶರು ಎರಡು ಗಂಟೆ ಮಾತಾಡಿದರಂತೆ. ಜನ ನನ್ನನ್ನು ಶಪಿಸಿರಬೇಕು.

ಏಪ್ರಿಲ್ ೨೯, ಮಂಗಳವಾರ

ಸ್ಟೇಷನ್ನಿನ ದೊಡ್ಡ ಸಾಹೇಬರು ಅವನನ್ನು ಕೆಲಸದಿಂದ ತೆಗೆಯುತ್ತೇನೆ ಎಂದರಂತೆ. ಸುದ್ದಿ ಹೇಳಿ ಹೆಂಡತಿ ಪಾತ್ರೆಗಳನ್ನು ಜೋರಾಗಿ ಇಟ್ಟಳು. ಅವನ ಕೆಲಸ ಹೋದರೆ ಸ್ಕೋರ್ ಹೋಗುತ್ತದೆ, ಸ್ಕೋರ್ ಹೋದರೆ ನನ್ನ ಕಾರು ಹೋಗುತ್ತದೆ. ಬರೀ ಆ ಕಾರಣಕ್ಕೆ ಹೋದೆ.

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಇನ್ಮೇಲೆ ಈತ ಸರಿಯಾಗಿ ನಡ್ಕೋತಾನೆ ಅಂತ ಯಾರು ಜವಾಬ್ದಾರಿ? ನೀವು ಬರ್ಕೊಡ್ತೀರಾ?"

ಆಸಾಮಿ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದ. ಅವನ ಅಂಗಿಯ ಕಾಲರು ಸವೆದು ತಿರುವಿ ಹೊಲಿಸಿದ್ದು ಕಂಡಿತು. ಪೆನ್ನು ತೆಗೆದು ಸಹಿ ಹಾಕಿ ಬಂದೆ. ಇದು ದುಡ್ಡಿನ ಸಹಿಯಲ್ಲ, ನಡತೆಯ ಸಹಿ. ಶಪಥದಲ್ಲಿ ನಡತೆಯ ಮಾತು ಇರಲಿಲ್ಲ.

ಮೇ ೩೦, ಶುಕ್ರವಾರ

ಮಸಾಜ್ ಕುರ್ಚಿಯ ಬಲಗಡೆಯ ಉರುಳೆ ಕಟಕಟ ಅನ್ನುತ್ತದೆ. ಎಡಗಡೆಯದು ಚೆನ್ನಾಗಿದೆ. ಅವನನ್ನು ಕೇಳಿದರೆ ಎಣ್ಣೆ ಬಿಡಿ ಎಂದ.

ಜೂನ್ ೨೦, ಶುಕ್ರವಾರ

ಇವತ್ತಿನ ಕೋಡ್ ಒಂದು ಒಂಬತ್ತು ಒಂಬತ್ತು ಎಂಟು. ನಮ್ಮ ಮದುವೆಯಾದ ವರ್ಷ. ಕಾಕತಾಳೀಯ ಎಂದರೆ ಇದು. ಅವನು ಆಗ ಇಷ್ಟುದ್ದ ಇದ್ದ, ಮೆರವಣಿಗೆಯ ಕಾರಿನಲ್ಲಿ ನಮ್ಮಿಬ್ಬರ ನಡುವೆ ಕೂರುತ್ತೇನೆಂದು ಹಟ ಹಿಡಿದು ಕೂತೇಬಿಟ್ಟಿದ್ದ. ಅದನ್ನೇ ನೆನೆದು ಇಬ್ಬರೂ ನಕ್ಕೆವು. ಒತ್ತುವಾಗ ಎಂಟರ ಬದಲು ಏಳು ಒತ್ತಿದೆನೇನೋ ಅನ್ನಿಸಿತು. ಆದರೂ ಹಸಿರು ಬಂತು. ಸರಿಯಾಗಿಯೇ ಒತ್ತಿರಬೇಕು. ನನ್ನ ಬೆರಳು ತಪ್ಪುವುದಿಲ್ಲ.

ಜುಲೈ ೧೧, ಶುಕ್ರವಾರ

ಇವತ್ತಿನ ಕೋಡ್ ನನ್ನದೇ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಈ ಕಂಪನಿಯವರಿಗೆ ಕಲ್ಪನೆ ಅನ್ನುವುದೇ ಇಲ್ಲ.

ಅವನ ಕೋಣೆ ಲಾಂಡ್ರಿಯ ಮೇಲಿದೆಯಂತೆ. ದಿನವಿಡೀ ಸ್ಟೇಷನ್ನಿನ ಸಾವಿರಾರು ಜನರಿಗೆ ಮಾತಾಡಿ, ಮನೆಗೆ ಬಂದರೆ ಮಾತಾಡಲು ಯಾರೂ ಇಲ್ಲವೆಂದ. ಗೋಡೆಗೆ ಮಾತಾಡು ಎಂದೆ. ಗೋಡೆಗೂ ರೈಲಿನ ಹೊತ್ತು ಬಾಯಿಪಾಠವಾಗಿದೆಯಂತೆ.

ಜುಲೈ ೨೮, ಸೋಮವಾರ

ಬ್ಯಾಟರಿ ಸತ್ತಿತು. ಮೆಕ್ಯಾನಿಕ್ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಬಹಳ ಹೊತ್ತು ಇದ್ದ. ಹೊರಗೆ ಬಂದಾಗ ಮುಖ ವಿಚಿತ್ರವಾಗಿತ್ತು.

"ಸಾರ್, ಈ ಪೆಟ್ಟಿಗೆ ಯಾಕೆ ಇಟ್ಟಿದ್ದೀರಿ?"

ಹೇಳಿದೆ.

"ಇದ್ರಿಂದ ಎಂಜಿನ್ನಿಗೆ ಒಂದು ವೈರೂ ಹೋಗಿಲ್ಲ. ಸುಮ್ನೆ ಕೂಗುತ್ತೆ, ದೀಪ ಹತ್ತಿಸುತ್ತೆ ಅಷ್ಟೇ. ಯಾವ ನಾಲ್ಕು ನಂಬರ್ ಒತ್ತಿದ್ರೂ ಹಸಿರು. ನೋಡಿ ಬೇಕಾದ್ರೆ."

ನಾಲ್ಕು ಸಲ ಸೊನ್ನೆ ಒತ್ತಿದ. ಹಸಿರು. ನನ್ನ ಮುಖ ಕೆಂಪು.

ಜುಲೈ ೨೯, ಮಂಗಳವಾರ

ಕಾರಿನವನ ಗ್ರಹಚಾರ ಬಿಡಿಸಲು ಹೋದೆ. ಅವನ ಅಂಗಡಿಯಲ್ಲಿ ಕ್ಷೌರಿಕನೊಬ್ಬ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. "ಅವ್ರು ಖಾಲಿ ಮಾಡಿ ಎರಡು ತಿಂಗಳಾಯ್ತಲ್ಲ. ಕೂತ್ಕೊಳ್ಳಿ, ನಿಮ್ದೂ ಬೆಳೆದಿದೆ" ಎಂದ. ಸಾಲಗಳನ್ನೆಲ್ಲ ಒಂದು ದೊಡ್ಡ ಕಂಪನಿ ಕೊಂಡಿದೆಯಂತೆ. ಕಂತು ನನ್ನ ಖಾತೆಯಿಂದ ತಾನಾಗಿಯೇ ಹೋಗುವುದರಿಂದ ನನಗೆ ತಿಳಿಯಲೇ ಇಲ್ಲ. ಗಡ್ಡ ತೆಗೆಸಿಕೊಂಡು ಆ ಕಂಪನಿಗೆ ಹೋದೆ. ಕೌಂಟರಿನಾಕೆ ಕೋಡ್ ಎಂದರೆ ಏನೆಂದೇ ಅರ್ಥವಾಗದೆ ಯಾರನ್ನೋ ಕೇಳಿಕೊಂಡು ಬಂದಳು.

"ಅದು ಹಳೇ ಕಂಪನಿಯವರದ್ದು ಸಾರ್. ನಾವು ತಗೊಂಡ ದಿನವೇ ನಿಲ್ಸಿದ್ವಿ. ಜೂನ್‌ನಿಂದ ಯಾರಿಗೂ ಯಾವ ಕೋಡೂ ಕಳಿಸಿಲ್ಲ."

ಜೂನ್‌ನಿಂದ. ಹಾಗಾದರೆ ಇಷ್ಟು ಶುಕ್ರವಾರ ಅವನು ನನಗೆ ಕೊಟ್ಟಿದ್ದು ಏನು?

ಮನೆಗೆ ಬಂದವನೇ ಕೂಗಾಡಿದೆ. ಮತ್ತೆ ಮೋಸ! ಸುಳ್ಳು ನಂಬರ್ ಕೊಟ್ಟು ನನ್ನನ್ನು ಮಂಗ ಮಾಡಿದ್ದಾನೆ! ಒಂದು ವೇಳೆ ಪೆಟ್ಟಿಗೆ ನಿಜವಾದದ್ದಾಗಿದ್ದರೆ ನನ್ನ ಎಂಜಿನ್ ಗತಿ? ನನ್ನ ಕೆಲಸದ ಗತಿ?

ಹೆಂಡತಿ ಬಟ್ಟೆ ಮಡಿಸುತ್ತಲೇ ಕೇಳಿದಳು. "ಮೊದಲನೇ ಸಲ ಸುಳ್ಳು ನಂಬರ್ ಕೊಟ್ಟಾಗ ಅವನಿಗೂ ಎದೆ ಹೊಡ್ಕೊಂಡಿರುತ್ತೆ. ಹಸಿರು ಬಂತು ಅಂತ ನೀವೇ ತಾನೇ ಹೇಳಿದ್ದು? ಇನ್ನು ಕೋಡ್ ಇಲ್ಲ ಅಂತ ಹೇಳಿದ್ದಿದ್ರೆ, ನೀವು ಫೋನ್ ಮಾಡ್ತಿದ್ರಾ?"

ವರ್ಕ್‌ಶಾಪಿಗೆ ಬಂದೆ. ಮದುವೆಯ ವರ್ಷ. ನನ್ನ ನಂಬರ್. ಪ್ರತಿ ಗುರುವಾರ ಆ ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಕೂತು ನಾಳೆ ಏನು ಹೇಳಲಿ ಎಂದು ಯೋಚಿಸಿರುತ್ತಾನೆ. ಅಳು ಬಂತು. ಸಿಟ್ಟಿಗೇ ಬಂದಿರಬೇಕು. ಕುರ್ಚಿಯನ್ನು ಎರಡು ಸುತ್ತು ಓಡಿಸಿ ಮಲಗಿದೆ.

ಆಗಸ್ಟ್ ೧, ಶುಕ್ರವಾರ

ಪೆಟ್ಟಿಗೆ ಕಿತ್ತುಹಾಕಲೇ ಎಂದು ಮೆಕ್ಯಾನಿಕ್ ಬೆಳಿಗ್ಗೆ ಫೋನ್ ಮಾಡಿ ಕೇಳಿದ. ಕಿತ್ತರೆ ಡ್ಯಾಶ್‌ಬೋರ್ಡಿನಲ್ಲಿ ತೂತು ಕಾಣುತ್ತದೆ, ಬೇಡ ಎಂದೆ. ಬೇಕಾದರೆ ಮುಂದೆ ನೋಡೋಣ.

ಆಸಾಮಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದು ಎರಡು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ಕುರ್ಚಿಯಲ್ಲಿ ಕೂತೆ. ಕೆಳಗೆ ಪೆಟ್ಟಿಗೆ ಕೂಗುತ್ತಿತ್ತು. ಒಂದೇ ರಿಂಗಿಗೆ ಎತ್ತಿದ.

"ಹೇಳಿ ಭಾವ."

ಎಲ್ಲ ಮಾತುಗಳೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತಿದ್ದವು. ಬಾಯಿ ತೆರೆದೆ.

"ಕೋಡ್" ಎಂದೆ.

ಹಿಂದೆ ಲಾಂಡ್ರಿಯ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

"ಒಂದು, ಎರಡು, ಮೂರು, ನಾಲ್ಕು" ಎಂದ.

"ಇದೇನಯ್ಯಾ ಇಷ್ಟು ಸುಲಭದ್ದು? ಯಾವ ಕಳ್ಳ ಬೇಕಾದ್ರೂ ಕಾರು ಹೊಡ್ಕೊಂಡು ಹೋಗ್ತಾನೆ. ಮುಂದಿನ ವಾರ ಸ್ವಲ್ಪ ಯೋಚನೆ ಮಾಡಿ ಕೊಡು."

ಲಾಂಡ್ರಿಯ ಯಂತ್ರ ಮತ್ತೆ ಕೇಳಿಸಿತು. ಈ ಸಲ ಬಹಳ ಹೊತ್ತು.

"ಕಂಪನಿಯವರಿಗೆ ಹೇಳ್ತೀನಿ ಭಾವ" ಎಂದ. ಮೈಕಿನ ದನಿ ಎಲ್ಲಿಗೋ ಹೋಗಿತ್ತು.

"ಹೇಳು. ಮತ್ತೆ ಭಾನುವಾರ ಊಟಕ್ಕೆ ಬಾ. ಈ ಕುರ್ಚಿಗೆ ಎಣ್ಣೆ ಎಲ್ಲಿ ಬಿಡೋದು ಅಂತ ತೋರಿಸು, ನನಗೆ ಗೊತ್ತಾಗ್ತಿಲ್ಲ. ಸ್ಟೇಷನ್ ಹತ್ರ ಕಾರು ತರ್ತೀನಿ. ಪಕ್ಕದಲ್ಲಿ ಕೂತು ಬ್ರೇಕ್ ಮುಟ್ಟಿದ್ರೆ ಅಲ್ಲೇ ಇಳಿಸ್ತೀನಿ."

ಕೆಳಗೆ ಹೋಗಿ ಒಂದು, ಎರಡು, ಮೂರು, ನಾಲ್ಕು ಒತ್ತಿದೆ. ಹಸಿರು ಬಂದಿತು. ಆಮೇಲೆ ಕೀಲಿ ತಿರುಗಿಸಿದೆ.